ಗೆದ್ದ ತೀರ್ಪು, ಕರಗಿದ ಸಭೆ: ಅಮೆರಿಕದ ಧಾರ್ಮಿಕ ಸಂಪ್ರದಾಯವಾದದ ಒಳವಿವಾದ

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಡಾಬ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟು, 1973ರ ರೋ ತೀರ್ಪನ್ನು ರದ್ದುಪಡಿಸಿತು. ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆಯಿಲ್ಲ, ಅದರ ಬಗ್ಗೆ ಕಾನೂನು ಮಾಡುವ ಅಧಿಕಾರ ಜನರಿಗೂ ಅವರು ಆರಿಸಿದ ಪ್ರತಿನಿಧಿಗಳಿಗೂ ಸೇರಿದ್ದು ಎಂಬುದು ಆ ತೀರ್ಪಿನ ತಿರುಳು. ಧಾರ್ಮಿಕ ಸಂಪ್ರದಾಯವಾದಿಗಳು ಸುಮಾರು ಅರ್ಧ ಶತಮಾನ ಈ ಒಂದು ದಿನಕ್ಕಾಗಿ ಹೋರಾಡಿದ್ದರು. ಆರು ವಾರ ತುಂಬುವ ಮೊದಲೇ, ಆಗಸ್ಟ್ 2ರಂದು, ಕ್ಯಾನ್ಸಸ್ ರಾಜ್ಯದಲ್ಲಿ ಜನಮತ ನಡೆಯಿತು. 1968ರಿಂದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ರಿಪಬ್ಲಿಕನ್ ಪಕ್ಷವನ್ನೇ ಗೆಲ್ಲಿಸುತ್ತ ಬಂದ ರಾಜ್ಯ ಅದು. ರಾಜ್ಯ ಸಂವಿಧಾನದಲ್ಲಿ ಗರ್ಭಪಾತದ ಹಕ್ಕಿಲ್ಲವೆಂದು ಸಾರುವ ತಿದ್ದುಪಡಿಯನ್ನು ಅಲ್ಲಿನ ಶೇ. 59ರಷ್ಟು ಮತದಾರರು ತಿರಸ್ಕರಿಸಿದರು. ಮರುವರ್ಷ ನವೆಂಬರಿನಲ್ಲಿ ಓಹಾಯೋ ರಾಜ್ಯ ಶೇ. 57ರ ಆಸುಪಾಸಿನ ಬಹುಮತದಿಂದ ಗರ್ಭಪಾತದ ಹಕ್ಕನ್ನು ತನ್ನ ಸಂವಿಧಾನಕ್ಕೇ ಸೇರಿಸಿಕೊಂಡಿತು. 2024ರ ಜುಲೈಯಲ್ಲಿ ರಿಪಬ್ಲಿಕನ್ ಪಕ್ಷದ ಪ್ರಣಾಳಿಕೆ ರಾಷ್ಟ್ರವ್ಯಾಪಿ ನಿರ್ಬಂಧದ ಹಳೆಯ ಬೇಡಿಕೆಯನ್ನು ಕೈಬಿಟ್ಟು, ವಿಷಯವನ್ನು ರಾಜ್ಯಗಳಿಗೆ ಒಪ್ಪಿಸಿತು.

ಕೋರ್ಟಿನಲ್ಲಿ ಗೆದ್ದವರು ತಮ್ಮ ಭದ್ರಕೋಟೆಗಳಲ್ಲೇ ಸೋತದ್ದು ಹೇಗೆ? ತಂತ್ರ, ಪ್ರಚಾರದ ಹಣ, ಮಸೂದೆಗಳ ಗಡಸು ಭಾಷೆ ಇವೆಲ್ಲ ಉತ್ತರದ ಭಾಗಗಳು ಹೌದು. ಆದರೆ ಮುಖ್ಯ ಕಾರಣ ಇನ್ನೂ ಆಳದಲ್ಲಿದೆ ಎಂಬುದು ಈ ಲೇಖನದ ವಾದ. ಅಮೆರಿಕದ ಸಂಪ್ರದಾಯವಾದ ಬಾಯಿಬಿಟ್ಟು ಹೇಳದೆ ಒಂದು ಸ್ಥಿತಿಯನ್ನು ನಂಬಿಕೊಂಡಿತ್ತು. ಸದಾಚಾರವನ್ನು ಕಲಿಸುವ ಕೆಲಸವನ್ನು ಸರ್ಕಾರದ ಹೊರಗೆ ಚರ್ಚುಗಳು, ಕುಟುಂಬಗಳು, ಊರಿನ ಸಂಘಗಳು ಮಾಡಿಕೊಂಡೇ ಇರುತ್ತವೆ ಎಂಬುದೇ ಆ ಸ್ಥಿತಿ. ಅದು ಕುಸಿದಾಗ, ಆ ಕೆಲಸವನ್ನು ಪ್ರಭುತ್ವವೇ ಮಾಡಲಿ ಎನ್ನುವ ಹೊಸ ಪೀಳಿಗೆಯೊಂದು ಎದ್ದು ನಿಂತಿದೆ. ಈ ಪೀಳಿಗೆಯ ರೋಗನಿದಾನ ಬಹುಮಟ್ಟಿಗೆ ಸರಿ, ಅದು ಕೊಡುವ ಮದ್ದು ತಪ್ಪು ಎಂದು ನನ್ನ ತೀರ್ಮಾನ. ಅದನ್ನು ಅವರ ಎದುರಾಳಿಗಳ ಮಾತಿನಿಂದಲ್ಲ, ಸಂಪ್ರದಾಯವಾದದ ಸ್ವಂತ ಗ್ರಂಥಗಳಿಂದಲೂ ಸಮಾಜಶಾಸ್ತ್ರದ ಲಭ್ಯ ಸಾಕ್ಷ್ಯದಿಂದಲೂ ತೋರಿಸಲು ಪ್ರಯತ್ನಿಸುತ್ತೇನೆ.

ಹಳೆಯ ಒಪ್ಪಂದ

ವಿಲಿಯಂ ಎಫ್. ಬಕ್ಲಿ 1955ರಲ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಆರಂಭಿಸಿದಾಗ ಅದರ ಸುತ್ತ ಸೇರಿದವರು ಒಂದೇ ಮನೋಧರ್ಮದವರಾಗಿರಲಿಲ್ಲ. ಮುಕ್ತ ಮಾರುಕಟ್ಟೆಯನ್ನು ಪ್ರತಿಪಾದಿಸುವವರಿದ್ದರು, ರಸೆಲ್ ಕರ್ಕ್‌ರಂತೆ ಪರಂಪರೆಯನ್ನು ಆರಾಧಿಸುವವರಿದ್ದರು, ಕಮ್ಯುನಿಸಂ ಬಿಟ್ಟುಬಂದವರೂ ಇದ್ದರು. ಈ ಮೂರನೆಯ ಗುಂಪಿನ ಫ್ರಾಂಕ್ ಮೇಯರ್ 1962ರಲ್ಲಿ ಪ್ರಕಟಿಸಿದ ‘ಇನ್ ಡಿಫೆನ್ಸ್ ಆಫ್ ಫ್ರೀಡಂ’ ಈ ಬಣಗಳಿಗೆ ಬೇಕಾದ ಸಿದ್ಧಾಂತವನ್ನು ಒದಗಿಸಿತು. ಬಲವಂತದಿಂದ ಬಂದ ಸದಾಚಾರ ಸದಾಚಾರವೇ ಅಲ್ಲ. ಆದ್ದರಿಂದ ರಾಜಕೀಯದ ಗುರಿ ಸ್ವಾತಂತ್ರ್ಯ, ಆ ಸ್ವಾತಂತ್ರ್ಯವನ್ನು ಬಳಸಿಕೊಂಡು ಮನುಷ್ಯ ತಲುಪಬೇಕಾದದ್ದು ಸದಾಚಾರ. ಈ ನಿಲುವಿಗೆ ‘ಫ್ಯೂಷನಿಸಂ’ ಎಂಬ ಹೆಸರು ಬಂತು.

ಆ ಹೆಸರಿಟ್ಟವನು ಅದರ ಟೀಕಾಕಾರ. ಬಕ್ಲಿಯ ಭಾವ ಎಲ್. ಬ್ರೆಂಟ್ ಬೋಝೆಲ್, ಬ್ಯಾರಿ ಗೋಲ್ಡ್‌ವಾಟರ್ ಹೆಸರಿನಲ್ಲಿ ಬಂದ ‘ದಿ ಕಾನ್ಶಿಯನ್ಸ್ ಆಫ್ ಎ ಕನ್ಸರ್ವೇಟಿವ್’ ಪುಸ್ತಕವನ್ನು ಬರೆದುಕೊಟ್ಟವನು, 1962ರಲ್ಲಿ ಅದೇ ಪತ್ರಿಕೆಯಲ್ಲಿ ಮೇಯರನನ್ನು ಪ್ರಶ್ನಿಸಿದ. ಮನುಷ್ಯನಿಗೆ ಒಳ್ಳೆಯವನಾಗುವುದು ಸುಲಭವಾಗುವಂತೆ ಸಮಾಜದ ವ್ಯವಸ್ಥೆ ಇರಬೇಕಲ್ಲದೆ, ಸ್ವಾತಂತ್ರ್ಯವನ್ನೇ ಮೊದಲ ಸ್ಥಾನದಲ್ಲಿ ಕೂರಿಸುವುದು ಕ್ರೈಸ್ತ ದೃಷ್ಟಿಯಲ್ಲ ಎಂಬುದು ಅವನ ಆಕ್ಷೇಪ. ಅವನು 1966ರಲ್ಲಿ ‘ಟ್ರಯಂಫ್’ ಎಂಬ ಕಟ್ಟಾ ಕ್ಯಾಥೊಲಿಕ್ ಪತ್ರಿಕೆ ಹೊರಡಿಸಿದ. ಚಳವಳಿ ಅವನನ್ನು ಅಂಚಿಗೆ ತಳ್ಳಿ ಮರೆಯಿತು. ಇಂದಿನ ವಾದಗಳನ್ನು ಓದುತ್ತ ಹೋದಂತೆ ಆ ಮರೆತ ದನಿ ಮತ್ತೆ ಮತ್ತೆ ಕೇಳಿಸುತ್ತದೆ. ಅರವತ್ತು ವರ್ಷ ಹಿಂದೆ ಸೋತ ವಾದ ಈಗ ಗೆಲ್ಲುವ ಹಂತಕ್ಕೆ ಬಂದದ್ದು ಏಕೆ ಎಂಬುದನ್ನು ವಿಚಾರಗಳ ಇತಿಹಾಸದಿಂದ ಮಾತ್ರ ವಿವರಿಸಲಾಗದು. ಸಮಾಜ ಬದಲಾದ ರೀತಿಯನ್ನು ನೋಡಬೇಕು.

ಬದಲಾವಣೆಯ ಪ್ರಮಾಣ ದೊಡ್ಡದು. ಗ್ಯಾಲಪ್ ಸಮೀಕ್ಷೆಯ ಪ್ರಕಾರ 1999ರಲ್ಲಿ ಅಮೆರಿಕನ್ನರಲ್ಲಿ ಶೇ. 70 ಮಂದಿ ಯಾವುದಾದರೂ ಚರ್ಚ್, ಸಿನಗಾಗ್ ಅಥವಾ ಮಸೀದಿಯ ಸದಸ್ಯರಾಗಿದ್ದರು. 2020ರಲ್ಲಿ ಅದು ಶೇ. 47ಕ್ಕೆ ಇಳಿಯಿತು. ಎಂಟು ದಶಕಗಳ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಕೆಳಗೆ ಬಂದದ್ದು ಅದೇ ಮೊದಲು. ಪ್ಯೂ ಸಂಶೋಧನಾ ಕೇಂದ್ರದ ಅಧ್ಯಯನಗಳಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡ ವಯಸ್ಕರು 2007ರಲ್ಲಿ ಶೇ. 78, 2023-24ರಲ್ಲಿ ಶೇ. 62. ಯಾವ ಧರ್ಮಕ್ಕೂ ಸೇರಿಲ್ಲ ಎಂದವರು ಶೇ. 16ರಿಂದ ಶೇ. 29ಕ್ಕೆ ಏರಿದರು. ಇತ್ತೀಚಿನ ಕೆಲವು ವರ್ಷಗಳಲ್ಲಿ ಈ ಇಳಿಕೆ ನಿಧಾನವಾಗಿದೆ ಎಂಬುದನ್ನೂ ಪ್ಯೂ ಗುರುತಿಸಿದೆ. ಮೇಯರನ ಒಪ್ಪಂದಕ್ಕೆ ಆಧಾರವಾಗಿದ್ದದ್ದು ಇದೇ ಸಭೆಗಳ ಬದುಕು. ಸ್ವಾತಂತ್ರ್ಯದ ಭಾಗವನ್ನು ಸರ್ಕಾರಕ್ಕೂ ಸದಾಚಾರದ ಭಾಗವನ್ನು ಸಭೆಗಳಿಗೂ ಹಂಚಿಕೊಟ್ಟ ಮೇಲೆ ಸಭೆಗಳೇ ಬರಿದಾದರೆ ಉಳಿಯುವುದು ಅರ್ಧ ಒಪ್ಪಂದ ಮಾತ್ರ.

ಉದಾರವಾದೋತ್ತರರ ಆರೋಪ

2018ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಡೆನೀನ್ ಬರೆದ ‘ವೈ ಲಿಬರಲಿಸಂ ಫೇಲ್ಡ್’ ಈ ಖಾಲಿತನಕ್ಕೆ ಒಂದು ವಿವರಣೆ ಕೊಟ್ಟಿತು. ಅವರು ಹೇಳುವ ಉದಾರವಾದದಲ್ಲಿ ಅಮೆರಿಕದ ಎಡವೂ ಬಲವೂ ಸೇರಿವೆ. ಒಂದು ಕಡೆಯವರು ಮಾರುಕಟ್ಟೆಯ ಹೆಸರಿನಲ್ಲಿ, ಇನ್ನೊಂದು ಕಡೆಯವರು ವೈಯಕ್ತಿಕ ಆಯ್ಕೆಯ ಹೆಸರಿನಲ್ಲಿ ವ್ಯಕ್ತಿಯನ್ನು ಊರು, ಕುಟುಂಬ, ಪರಂಪರೆಗಳಿಂದ ಬಿಡಿಸುತ್ತ ಬಂದರು. ಹೀಗೆ ಒಂಟಿಯಾದ ವ್ಯಕ್ತಿಗೆ ಆಸರೆಯಾಗಿ ದೈತ್ಯ ಕಂಪನಿಯೂ ದೈತ್ಯ ಸರ್ಕಾರವೂ ಬೆಳೆದವು. ಬರಾಕ್ ಒಬಾಮ ಅದೇ ವರ್ಷ ತಮ್ಮ ಓದಿನ ಪಟ್ಟಿಯಲ್ಲಿ ಈ ಪುಸ್ತಕವನ್ನು ಹೆಸರಿಸಿದರು. ವಾದಕ್ಕಿರುವ ಬಲಕ್ಕೆ ಅದೊಂದು ಸಾಕ್ಷಿ. ಕಾರ್ಖಾನೆ ಮುಚ್ಚಿದ ಓಹಾಯೋದ ಊರುಗಳಲ್ಲಿ ಮದುವೆ, ಚರ್ಚ್, ಕಾರ್ಮಿಕ ಸಂಘ ಮೂರೂ ಒಟ್ಟಿಗೆ ಸೊರಗಿದ್ದನ್ನು ನೋಡಿದವರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು.

2019ರ ಮೇ ತಿಂಗಳಲ್ಲಿ ‘ಫಸ್ಟ್ ಥಿಂಗ್ಸ್’ ಪತ್ರಿಕೆಯಲ್ಲಿ ಸೊಹ್ರಾಬ್ ಅಹ್ಮಾರಿ ಬರೆದ ಲೇಖನದಿಂದ ಜಗಳ ಬಹಿರಂಗವಾಯಿತು. ಟೆಹರಾನಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಕ್ಯಾಥೊಲಿಕ್ ಧರ್ಮ ಸೇರಿದ ಅಹ್ಮಾರಿ ಗುರಿಯಿಟ್ಟದ್ದು ಡೇವಿಡ್ ಫ್ರೆಂಚ್ ಮೇಲೆ. ಫ್ರೆಂಚ್ ಧಾರ್ಮಿಕ ಸ್ವಾತಂತ್ರ್ಯದ ಮೊಕದ್ದಮೆಗಳಲ್ಲಿ ವರ್ಷಗಟ್ಟಲೆ ವಾದಿಸಿದ ಇವ್ಯಾಂಜೆಲಿಕಲ್ ವಕೀಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ತ್ರೀವೇಷದ ಕಲಾವಿದರು ಮಕ್ಕಳಿಗೆ ಕಥೆ ಓದುವ ಕಾರ್ಯಕ್ರಮ ನೆಪವಾಯಿತು. ಗ್ರಂಥಾಲಯ ಎಲ್ಲರಿಗೂ ತೆರೆದಿದ್ದರೆ ಮಾತ್ರ ಪ್ರಾರ್ಥನಾ ಗುಂಪಿಗೂ ಅಲ್ಲಿ ಜಾಗ ಸಿಗುತ್ತದೆ ಎಂದು ಫ್ರೆಂಚ್. ಸಾರ್ವಜನಿಕ ಜಾಗ ಎಂದೂ ತಟಸ್ಥವಾಗಿರುವುದಿಲ್ಲ, ಯಾರದಾದರೂ ನೈತಿಕತೆಯನ್ನು ಅದು ಕಲಿಸುತ್ತಲೇ ಇರುತ್ತದೆ, ನಮ್ಮದನ್ನು ಕಲಿಸಲಿ ಎಂದು ಅಹ್ಮಾರಿ.

ನ್ಯಾಯಾಲಯದ ಅನುಭವವೂ ಎರಡನೆಯ ನಿಲುವನ್ನೇ ಗಟ್ಟಿಗೊಳಿಸಿತು. 2020ರ ಜೂನ್‌ನಲ್ಲಿ ಬೋಸ್ಟಾಕ್ ಪ್ರಕರಣದಲ್ಲಿ, ಉದ್ಯೋಗದಲ್ಲಿ ಲಿಂಗಭೇದವನ್ನು ನಿಷೇಧಿಸುವ 1964ರ ಕಾಯಿದೆ ಸಲಿಂಗಿಗಳಿಗೂ ಲಿಂಗಪರಿವರ್ತಿತರಿಗೂ ಅನ್ವಯಿಸುತ್ತದೆ ಎಂದು ಬರೆದವರು ನೀಲ್ ಗೋರ್ಸಚ್, ಟ್ರಂಪ್ ನೇಮಿಸಿದ ನ್ಯಾಯಮೂರ್ತಿ. ಕಾಯಿದೆಯ ಪದಗಳಿಗೆ ನಿಷ್ಠರಾಗಿರಬೇಕೆಂಬ ಸಂಪ್ರದಾಯವಾದಿ ವಿಧಾನವನ್ನೇ ಅವರು ಬಳಸಿದರು. ಆ ವಿಧಾನಕ್ಕಾಗಿಯೇ ದಶಕಗಳ ಕಾಲ ಮತ ಹಾಕಿದ್ದ ಭಕ್ತರಿಗೆ ಅದು ದೊಡ್ಡ ಆಘಾತ. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ ಹಾರ್ವರ್ಡಿನ ಏಡ್ರಿಯನ್ ವರ್ಮ್ಯೂಲ್, ಮೂಲಾರ್ಥಕ್ಕೆ ಅಂಟಿಕೊಳ್ಳುವ ವಿಧಾನ ತನ್ನ ಕೆಲಸ ಮುಗಿಸಿದೆ, ಸಂವಿಧಾನವನ್ನು ಇನ್ನು ಸಾರ್ವಜನಿಕ ಒಳಿತಿನ ದೃಷ್ಟಿಯಿಂದ ಓದಬೇಕು ಎಂದು ‘ದಿ ಅಟ್ಲಾಂಟಿಕ್’ನಲ್ಲಿ ಬರೆದಿದ್ದರು. ಬೋಝೆಲ್ ಮರಳಿ ಬಂದಿದ್ದ, ಈ ಬಾರಿ ಹಾರ್ವರ್ಡಿನ ಪೀಠದಿಂದ.

ಉದಾರವಾದೋತ್ತರರು ಎನಿಸಿಕೊಂಡ ಡೆನೀನ್, ಅಹ್ಮಾರಿ, ವರ್ಮ್ಯೂಲ್ ಗುಂಪಿನ ಒಂದು ಮಾತನ್ನು ಒಪ್ಪಲೇಬೇಕು. ಪೂರ್ಣ ತಟಸ್ಥ ಸರ್ಕಾರ ಎಂಬುದಿಲ್ಲ. ಶಾಲೆಯ ಪಠ್ಯ, ತೆರಿಗೆ ಕಾಯಿದೆ, ಭಾನುವಾರದ ದುಡಿಮೆಯ ನಿಯಮ ಪ್ರತಿಯೊಂದರಲ್ಲೂ ಬದುಕು ಹೇಗಿರಬೇಕೆಂಬ ಒಂದು ಕಲ್ಪನೆ ಅಡಗಿರುತ್ತದೆ. ಸಂಬಳದ ಭದ್ರತೆಯಿಲ್ಲದವನಿಗೆ ಕುಟುಂಬದ ಪಾವಿತ್ರ್ಯವನ್ನು ಬೋಧಿಸುವುದರಲ್ಲಿ ಅರ್ಥವಿಲ್ಲ ಎಂದು ಅಹ್ಮಾರಿ 2023ರ ‘ಟಿರನಿ, ಇಂಕ್’ ಪುಸ್ತಕದಲ್ಲಿ ಕಂಪನಿಗಳ ದಬ್ಬಾಳಿಕೆಯನ್ನು ಟೀಕಿಸಿದ್ದಾರೆ. ನನಗೆ ಅವರ ಬರಹದಲ್ಲಿ ಅತ್ಯಂತ ಗಟ್ಟಿಯಾಗಿ ಕಾಣುವ ಭಾಗ ಇದು.

ಸ್ವಂತ ಪರಂಪರೆಯ ಸಾಕ್ಷ್ಯ

ಆದರೆ ಸಭೆಯ ಕೆಲಸವನ್ನು ಪ್ರಭುತ್ವ ವಹಿಸಿಕೊಂಡರೆ ಏನಾಗುತ್ತದೆ? ಇದಕ್ಕೆ ಉತ್ತರ ಡೆನೀನ್ ಗೌರವದಿಂದ ನೆನೆಯುವ ರಾಬರ್ಟ್ ನಿಸ್ಬೆಟ್ ಬಳಿಯಲ್ಲೇ ಇದೆ. 1953ರ ‘ದಿ ಕ್ವೆಸ್ಟ್ ಫಾರ್ ಕಮ್ಯುನಿಟಿ’ಯಲ್ಲಿ ನಿಸ್ಬೆಟ್ ತೋರಿಸುವುದಿಷ್ಟು: ಒಂದು ಸಮುದಾಯ ಉಳಿಯುವುದು ಅದಕ್ಕೆ ಮಾಡಲು ನಿಜವಾದ ಕೆಲಸವಿದ್ದಾಗ ಮಾತ್ರ. ರೋಗಿಯ ಆರೈಕೆ, ಮಕ್ಕಳ ಶಿಕ್ಷಣ, ಬಡವನ ಊಟ, ಜಗಳದ ತೀರ್ಮಾನ ಇವು ಕೈತಪ್ಪಿ ಕೇಂದ್ರಕ್ಕೆ ಹೋದಂತೆ ಚರ್ಚೂ ನೆರೆಹೊರೆಯೂ ಬರಿಯ ಭಾವನೆಯ ವಿಷಯಗಳಾಗಿ ಒಣಗುತ್ತವೆ. ಆಗ ಒಂಟಿಯಾದ ಜನರೇ ಸಮುದಾಯದ ಹಸಿವನ್ನು ರಾಷ್ಟ್ರದ ಮೂಲಕ ತೀರಿಸಿಕೊಳ್ಳಲು ಹೊರಡುತ್ತಾರೆ. ಎಡಪಂಥದ ಸರ್ಕಾರಕ್ಕೆ ಅನ್ವಯಿಸಿದ ಈ ನಿಯಮ ಕ್ರೈಸ್ತ ಸರ್ಕಾರಕ್ಕೆ ಅನ್ವಯಿಸುವುದಿಲ್ಲ ಎನ್ನಲು ಯಾವ ಆಧಾರವೂ ಇಲ್ಲ.

ಇನ್ನೂ ಹಿಂದಿನ ಸಾಕ್ಷಿ ಅಲೆಕ್ಸಿ ದ ಟೋಕ್‌ವಿಲ್. 1831ರಲ್ಲಿ ಅಮೆರಿಕಕ್ಕೆ ಬಂದ ಈ ಫ್ರೆಂಚ್ ಕ್ಯಾಥೊಲಿಕ್, ಧರ್ಮ ಇಲ್ಲಿ ಇಷ್ಟು ಬಲವಾಗಿರುವುದು ಹೇಗೆಂದು ಪಾದ್ರಿಗಳನ್ನೇ ಕೇಳಿದ. ಚರ್ಚನ್ನೂ ಸರ್ಕಾರವನ್ನೂ ಬೇರೆ ಇಟ್ಟದ್ದರಿಂದ ಎಂದು ಅವರು ಉತ್ತರಿಸಿದರು. ಅಧಿಕಾರದ ಜೊತೆ ಸೇರಿದ ಧರ್ಮ ಆ ಅಧಿಕಾರದ ಶತ್ರುಗಳನ್ನೂ ತನ್ನ ಪಾಲಿಗೆ ತಂದುಕೊಳ್ಳುತ್ತದೆ ಎಂದು ಅವನು ಬರೆದ. ಈ ಊಹೆಯನ್ನು ಪರೀಕ್ಷಿಸಲು ಇಂದು ನಮ್ಮಲ್ಲಿ ಸಾಮಗ್ರಿಯಿದೆ. ಸಮಾಜಶಾಸ್ತ್ರಜ್ಞರಾದ ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಶರ್ 2002ರಲ್ಲಿ ‘ಅಮೆರಿಕನ್ ಸೋಶಿಯಲಾಜಿಕಲ್ ರಿವ್ಯೂ’ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1990ರ ದಶಕದಲ್ಲಿ ಯಾವ ಧರ್ಮವೂ ಇಲ್ಲ ಎನ್ನುವವರು ಶೇ. 7ರಿಂದ ಶೇ. 14ಕ್ಕೆ ಏರಿದರು. ಏರಿಕೆ ಕಂಡದ್ದು ರಾಜಕೀಯವಾಗಿ ಉದಾರವಾದಿಗಳಲ್ಲೂ ಮಧ್ಯಮಪಂಥೀಯರಲ್ಲೂ. ಸಂಪ್ರದಾಯವಾದಿಗಳಲ್ಲಿ ಅದು ಕಾಣಲಿಲ್ಲ. ಬಿಟ್ಟುಹೋದ ಬಹುಮಂದಿ ದೇವರನ್ನು ಬಿಟ್ಟಿರಲಿಲ್ಲ. ಅವರು ದೂರವಾದದ್ದು ಧಾರ್ಮಿಕ ಬಲಪಂಥದೊಂದಿಗೆ ಗುರುತಿಸಿಕೊಂಡ ಸಂಸ್ಥೆಗಳಿಂದ. 2010ರ ‘ಅಮೆರಿಕನ್ ಗ್ರೇಸ್’ನಲ್ಲಿ ರಾಬರ್ಟ್ ಪಟ್ನಮ್ ಮತ್ತು ಡೇವಿಡ್ ಕ್ಯಾಂಬೆಲ್ ಸಹ ಹತ್ತಿರದ ನಿರ್ಣಯಕ್ಕೇ ಬಂದರು. ಇದು ಇಡೀ ಕಾರಣವಲ್ಲ, ಮದುವೆ ತಡವಾಗುತ್ತಿರುವುದೂ ತಲೆಮಾರಿನ ಬದಲಾವಣೆಯೂ ಸೇರಿವೆ. ಆದರೂ ಚರ್ಚನ್ನು ಉಳಿಸಲು 1979ರಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಸಂಘಟನೆ ಕಟ್ಟಿದ ಮೇಲಿನ ರಾಜಕೀಯವೇ ಚರ್ಚಿನ ಬಾಗಿಲಿನಿಂದ ಜನರನ್ನು ಹೊರಕಳಿಸಿತು ಎಂಬ ಈ ಸಾಕ್ಷ್ಯ ಧರ್ಮವನ್ನು ಪ್ರೀತಿಸುವ ಯಾರನ್ನಾದರೂ ನೋಯಿಸಬೇಕು.

ಇಲ್ಲಿ ಕಪ್ಪು ಪ್ರೊಟೆಸ್ಟಂಟರನ್ನು ನೆನೆಯುವುದು ಅಗತ್ಯ. ಪ್ರಾರ್ಥನೆ, ಬೈಬಲ್ ಓದು, ಆರಾಧನೆಯ ಹಾಜರಿ ಯಾವ ಅಳತೆಯಲ್ಲೂ ಅವರು ದೇಶದ ಅತ್ಯಂತ ಶ್ರದ್ಧಾವಂತರ ಸಾಲಿನಲ್ಲಿದ್ದಾರೆ. ಅವರ ಮತ ಮಾತ್ರ ಹೆಚ್ಚಾಗಿ ಡೆಮಾಕ್ರಟರಿಗೆ. ಉದಾರವಾದೋತ್ತರ ಬರಹಗಳಲ್ಲಿ ಅವರಿಗೆ ಸಿಗುವ ಜಾಗ ತೀರ ಕಡಿಮೆ. ಸರ್ಕಾರದ ನೆರವಿಲ್ಲದೆ, ಎಷ್ಟೋ ಕಾಲ ಸರ್ಕಾರದ ಹಗೆತನದ ನಡುವೆಯೇ, ಸಭೆಯೊಂದು ಶಾಲೆಯೂ ಆಸ್ಪತ್ರೆಯ ಆಸರೆಯೂ ರಾಜಕೀಯ ವೇದಿಕೆಯೂ ಆಗಿ ಉಳಿದ ಉದಾಹರಣೆ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ಅಮೆರಿಕದಲ್ಲಿಲ್ಲ.

ಓಕ್ಲಹೋಮ

ಒಳವಿವಾದ ಈಗ ಎಲ್ಲಿಗೆ ಬಂದು ನಿಂತಿದೆ ಎಂಬುದಕ್ಕೆ ಓಕ್ಲಹೋಮ ರಾಜ್ಯದ ಸೇಂಟ್ ಇಸಿಡೋರ್ ಶಾಲೆಯ ಮೊಕದ್ದಮೆ ಸ್ಪಷ್ಟ ನಿದರ್ಶನ. 2023ರಲ್ಲಿ ರಾಜ್ಯದ ಮಂಡಳಿಯೊಂದು ಈ ಕ್ಯಾಥೊಲಿಕ್ ಆನ್‌ಲೈನ್ ಶಾಲೆಗೆ ಸಾರ್ವಜನಿಕ ಹಣದಿಂದ ನಡೆಯುವ ಚಾರ್ಟರ್ ಶಾಲೆಯ ಮಾನ್ಯತೆ ಕೊಟ್ಟಿತು. ಅದನ್ನು ಕೋರ್ಟಿಗೆ ಒಯ್ದವರು ರಾಜ್ಯದ ಅಟಾರ್ನಿ ಜನರಲ್ ಜೆಂಟ್ನರ್ ಡ್ರಮ್ಮಂಡ್, ಸ್ವತಃ ರಿಪಬ್ಲಿಕನ್. ಒಂದು ಪಂಥಕ್ಕೆ ತೆರಿಗೆಯ ಹಣ ಕೊಟ್ಟರೆ ಉಳಿದೆಲ್ಲ ಪಂಥಗಳಿಗೂ ಕೊಡಬೇಕಾಗುತ್ತದೆ, ಒಬ್ಬನ ದುಡಿಮೆಯಿಂದ ಇನ್ನೊಬ್ಬನ ನಂಬಿಕೆಯನ್ನು ಕಲಿಸುವುದು ಧಾರ್ಮಿಕ ಸ್ವಾತಂತ್ರ್ಯವಲ್ಲ ಎಂಬುದು ಅವರ ವಾದ. ಕ್ರಾಂತಿಗೆ ಮುಂಚಿನ ವರ್ಜೀನಿಯದಲ್ಲಿ ಪರವಾನಗಿಯಿಲ್ಲದೆ ಬೋಧಿಸಿದ್ದಕ್ಕೆ ಜೈಲು ಸೇರಿದ ಬ್ಯಾಪ್ಟಿಸ್ಟ್ ಬೋಧಕರೂ, 1801ರಲ್ಲಿ ಅಧ್ಯಕ್ಷ ಜೆಫರ್ಸನ್‌ಗೆ ಪತ್ರ ಬರೆದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರೂ ಈ ವಾದದ ಹಿರಿಯರು. ಸರ್ಕಾರದಿಂದ ಚರ್ಚನ್ನು ದೂರವಿಡಬೇಕೆಂದು ಬೇಡಿದವರು ನಾಸ್ತಿಕರಾಗಿರಲಿಲ್ಲ, ಉತ್ಕಟ ವಿಶ್ವಾಸಿಗಳಾಗಿದ್ದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಡ್ರಮ್ಮಂಡ್ ಪರ ತೀರ್ಪು ಕೊಟ್ಟಿತು. ಅದೇ ಪಕ್ಷದ ರಾಜ್ಯಪಾಲ ಕೆವಿನ್ ಸ್ಟಿಟ್ ಶಾಲೆಯ ಪರ ನಿಂತರು.

2025ರ ಮೇ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ನಾಲ್ಕಾಗಿ ಒಡೆಯಿತು. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ವಿಚಾರಣೆಯಿಂದ ಹಿಂದೆ ಸರಿದಿದ್ದರು. ಸಮಬಲವಾದ್ದರಿಂದ ರಾಜ್ಯ ನ್ಯಾಯಾಲಯದ ತೀರ್ಪು ಉಳಿದುಕೊಂಡಿತು, ಇತರ ರಾಜ್ಯಗಳನ್ನು ಕಟ್ಟಿಹಾಕುವ ನಿಯಮವೇನೂ ಹುಟ್ಟಲಿಲ್ಲ. ಒಂಬತ್ತೂ ನ್ಯಾಯಮೂರ್ತಿಗಳು ಕೂರುವ ಪೀಠದ ಮುಂದೆ ಇಂಥದೇ ಶಾಲೆಯ ಅರ್ಜಿ ಬಂದಾಗ ಕಕ್ಷಿದಾರರ ಎರಡೂ ಬೆಂಚುಗಳಲ್ಲಿ ಸಂಪ್ರದಾಯವಾದಿ ಕ್ರೈಸ್ತರು ಕುಳಿತಿರುವ ಸಾಧ್ಯತೆಯೇ ಹೆಚ್ಚು. ಆಗ ತೀರ್ಮಾನವಾಗಬೇಕಾದದ್ದು ಮೇಯರ್ ಮತ್ತು ಬೋಝೆಲ್ 1962ರಲ್ಲಿ ಬಗೆಹರಿಸದೆ ಬಿಟ್ಟುಹೋದ ಪ್ರಶ್ನೆ.