ಬೆನ್ನುಹುರಿಯ ಕೃಷ್ಣಾರ್ಬುದಗಳೂ ನಿದಾನಶಾಸ್ತ್ರವೂ

ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕನಕಗಿರಿಯು ಪೂಜ್ಯಪಾದರ ತಪೋಭೂಮಿಯೆಂದು ಜೈನಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಅವರ ಹೆಸರಿನ ಸಂಸ್ಕೃತ ‘ಕಲ್ಯಾಣಕಾರಕ’ವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದನು. ಇಂತಹ ವೈದ್ಯಪರಂಪರೆಯುಳ್ಳ ಸೀಮೆಯಲ್ಲಿ, ನವೀನರು ಗುರುತಿಸಿದ ವ್ಯಾಧಿಗಳೆಲ್ಲವೂ ಪ್ರಾಚೀನರಿಗೆ ವಿದಿತವಾಗಿದ್ದುವೇ ಎಂಬ ಪ್ರಶ್ನೆಯು ಸಹಜವಾಗಿ ಏಳುವುದು. ಬೆನ್ನುಹುರಿಯಲ್ಲಿ ಅಪರೂಪವಾಗಿ ಹುಟ್ಟುವ ಕಪ್ಪು ಗಡ್ಡೆಗಳು ಈ ಪ್ರಶ್ನೆಗೆ ಒರೆಗಲ್ಲಾಗಿವೆ.

ಸುಶ್ರುತನು ನಿದಾನಸ್ಥಾನದಲ್ಲಿ ವಾತ, ಪಿತ್ತ, ಕಫ, ರಕ್ತ, ಮಾಂಸ, ಮೇದಸ್ಸುಗಳಿಂದ ಹುಟ್ಟುವ 6 ಬಗೆಯ ಅರ್ಬುದಗಳನ್ನು ಹೇಳಿರುವನು. ದುಂಡಗಿರುವುದು, ಅಲುಗದಿರುವುದು, ಬೇರು ಆಳವಾಗಿರುವುದು, ಮೆಲ್ಲಗೆ ಬೆಳೆಯುವುದು, ಕೀವಾಗದಿರುವುದು ಇವು ಅವುಗಳ ಲಕ್ಷಣಗಳು. ಇವೆಲ್ಲವೂ ದರ್ಶನಸ್ಪರ್ಶನಗಳಿಂದ ತಿಳಿಯತಕ್ಕವು. ಆದರೆ ಬೆನ್ನುಹುರಿಯು ಅಸ್ಥಿಯ ನಾಳದೊಳಗೆ ಅಡಗಿರುವುದರಿಂದ ಅಲ್ಲಿಯ ಗಡ್ಡೆಯು ಕಣ್ಣಿಗೂ ಕೈಗೂ ಸಿಕ್ಕದು. ಬೆನ್ನುನೋವು, ಕಾಲುಗಳ ಜೋಮು, ಬಲಹಾನಿ, ಮೂತ್ರನಿರೋಧ ಮೊದಲಾದ ಕಾರ್ಯಗಳು ಮಾತ್ರ ಗೋಚರಿಸುವುವು. ಅಂತಹ ರೋಗಿಗಳು ವಾತವ್ಯಾಧಿಗಳಲ್ಲಿ ‘ಪಂಗು’ವೆಂದು ಎಣಿಸಲ್ಪಟ್ಟಿರಬಹುದು.

ಮಿದುಳಿನ ಪೊರೆಯ ಕಾಳಿಕೆಯನ್ನು ಜರ್ಮನಿಯ ವಿರ್ಖೋ ಪಂಡಿತನು 1859ರಲ್ಲಿ ವರ್ಣಿಸಿದನು. ಪೊರೆಯ ವರ್ಣಕೋಶಗಳಿಂದಲೇ ಹುಟ್ಟುವ ಗಡ್ಡೆಗೆ 1972ರಲ್ಲಿ ಲೀಮಾಸ್ ಮತ್ತು ಟಿಯೊ ಎಂಬವರು ‘ಮೆಲನೊಸೈಟೋಮಾ’ ಎಂದು ಹೆಸರಿಟ್ಟರು. ನರದ ಕವಚದಿಂದ ಹುಟ್ಟುವ ಕಪ್ಪು ಗಡ್ಡೆಯ ಒಂದು ಬಗೆಗೂ ಹೃದಯದ ಗಡ್ಡೆಗಳೇ ಮೊದಲಾದುವುಗಳಿಂದ ಕೂಡಿದ ವಂಶಾನುಗತ ವ್ಯಾಧಿಗೂ ಇರುವ ಸಂಬಂಧವನ್ನು 1990ರಲ್ಲಿ ಕಾರ್ನಿಯು ತೋರಿಸಿದನು. ಬಹುಕಾಲ ಸೌಮ್ಯವೆಂದೇ ಎಣಿಸಲ್ಪಟ್ಟಿದ್ದ ಈ ನರಕವಚದ ಗಡ್ಡೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣವು ಮಾರಕಗಳ ಪಂಕ್ತಿಗೆ ಸೇರಿಸಿತು.

ಎಂ.ಆರ್.ಐ. ಚಿತ್ರದಲ್ಲಿ ಮೆಲನಿನ್ ವರ್ಣದ್ರವ್ಯವು ಟಿ-1 ಕ್ರಮದಲ್ಲಿ ಬೆಳ್ಳಗೂ ಟಿ-2 ಕ್ರಮದಲ್ಲಿ ಕಪ್ಪಗೂ ತೋರುವುದುಂಟು. ಹಳೆಯ ರಕ್ತಸ್ರಾವವೂ ಹಾಗೆಯೇ ತೋರಬಹುದಾದುದರಿಂದ ಚಿತ್ರವೊಂದೇ ಪ್ರಮಾಣವಾಗಲಾರದು. ಸೂಕ್ಷ್ಮದರ್ಶಕದಲ್ಲಿ ಎಸ್-100, ಎಚ್.ಎಂ.ಬಿ.-45 ಎಂಬ ಪರೀಕ್ಷೆಗಳು ವರ್ಣಕೋಶಗಳನ್ನು ಗುರುತಿಸುವುವಾದರೂ, ಈ ಗಡ್ಡೆಗಳೆಲ್ಲಕ್ಕೂ ಅವು ಸಾಮಾನ್ಯವಾದುವು. ಪಿ.ಆರ್.ಕೆ.ಎ.ಆರ್.-1ಎ ವಂಶವಾಹಿಯ ದೋಷವು ನರಕವಚದ ಗಡ್ಡೆಯನ್ನೂ, ಜಿ.ಎನ್.ಎ.ಕ್ಯೂ., ಜಿ.ಎನ್.ಎ.-11ಗಳ ದೋಷವು ಪೊರೆಯ ಗಡ್ಡೆಯನ್ನೂ ಸೂಚಿಸುವುದು. ಚರ್ಮದಿಂದಲೋ ಕಣ್ಣಿನಿಂದಲೋ ಹರಡಿಬಂದ ಕಪ್ಪು ಕ್ಯಾನ್ಸರೆಂಬ ಶಂಕೆಯನ್ನೂ ಪರಿಹರಿಸಿಕೊಳ್ಳಬೇಕು. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುವುದು.

ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಗುಂಡ್ಲುಪೇಟೆಯ ಹಳ್ಳಿಯೊಂದರಲ್ಲಿ ಕಾಲು ಸೋತವನ ವ್ಯಾಧಿಯನ್ನು ವಾತವೆಂದು ಹೇಳಿ ಕಾಲಹರಣ ಮಾಡುವುದು ಶಾಸ್ತ್ರಾಭಿಮಾನವಾಗಲಾರದು. ಶವವನ್ನು ಶೋಧಿಸಿ, ಪ್ರತ್ಯಕ್ಷವನ್ನೂ ಶಾಸ್ತ್ರವನ್ನೂ ಕೂಡಿಸಿ ತಿಳಿಯಬೇಕೆಂದು ವಿಧಿಸಿದವನು ಸುಶ್ರುತನೇ. ಆತನು ಕಾಣದುದನ್ನು ಕಂಡನೆಂದು ಹೇಳುವುದಕ್ಕಿಂತ, ಆತನು ವಿಧಿಸಿದ ಪ್ರತ್ಯಕ್ಷಮಾರ್ಗವು ಸೂಕ್ಷ್ಮದರ್ಶಕದವರೆಗೆ ಬೆಳೆದುಬಂದಿತೆಂದು ತಿಳಿಯುವುದೇ ಇತಿಹಾಸಕ್ಕೆ ಸಮ್ಮತವಾದುದು.