ಟೆನ್ಶನ್ (ಪದ)

ಟೆನ್ಶನ್ ಎಂಬುದು ಇಂಗ್ಲಿಷಿನಿಂದ ಕನ್ನಡದ ಆಡುನುಡಿಗೆ ಬಂದ ನಾಮಪದ. ಮನಸ್ಸಿನ ಒತ್ತಡ, ಆತಂಕ, ಚಿಂತೆ, ಕಳವಳ ಮೊದಲಾದ ಹಲವು ಸ್ಥಿತಿಗಳನ್ನು ಈ ಒಂದೇ ಪದದಿಂದ ಸೂಚಿಸುವುದು ಇಂದು ರೂಢಿಯಾಗಿದೆ. ಮೂಲ ಭಾಷೆಯಲ್ಲಿ ಇದರ ಮೊದಲ ಅರ್ಥ ಎಳೆತ ಅಥವಾ ಬಿಗಿತ. ಸ್ಟ್ರೆಸ್, ಪ್ರೆಶರ್ ಎಂಬ ಪದಗಳೂ ಇದರೊಡನೆ ಬಳಕೆಯಲ್ಲಿವೆ. ಇವು ಮೂರನ್ನೂ ಕನ್ನಡದಲ್ಲಿ ಸಾಮಾನ್ಯವಾಗಿ 'ಒತ್ತಡ' ಎಂದೇ ಅನುವಾದಿಸಲಾಗುತ್ತದೆ. ಆದರೆ ಮೂರರ ಅರ್ಥವೂ ಒಂದೇ ಅಲ್ಲ.

ನಿಷ್ಪತ್ತಿ

ಟೆನ್ಶನ್ ಪದವು ಲ್ಯಾಟಿನ್ ಭಾಷೆಯ 'ಟೆಂಡೆರೆ' (ಹಿಗ್ಗಿಸು, ಎಳೆ) ಎಂಬ ಕ್ರಿಯಾಪದದಿಂದ ಹುಟ್ಟಿದೆ. ಸಂಸ್ಕೃತದ 'ತನ್' (ಹರಡು, ಚಾಚು) ಧಾತುವೂ ಇದೂ ಒಂದೇ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರಿದವು. ತಂತು, ತಂತ್ರ ಎಂಬ ಸಂಸ್ಕೃತ ಪದಗಳೂ ಕನ್ನಡದಲ್ಲಿ ಬಳಕೆಯಲ್ಲಿರುವ ತಂತಿಯೂ ಈ ಧಾತುವಿನ ಸಂತಾನ. ಲೋಹವನ್ನು ತಂತಿಯಾಗಿ ಎಳೆಯಬಹುದಾದ ಗುಣಕ್ಕೆ ವಿಜ್ಞಾನ ಪಠ್ಯಪುಸ್ತಕಗಳು ಕೊಟ್ಟಿರುವ 'ತನ್ಯತೆ' ಎಂಬ ಹೆಸರೂ ಅದರಿಂದಲೇ ಬಂದುದು. ಹೀಗೆ ನೋಡಿದರೆ, ಹೊರಗಿನದೆಂದು ನಾವು ಭಾವಿಸುವ ಟೆನ್ಶನ್ ನಮ್ಮ ವೀಣೆಯ ತಂತಿಗೆ ದೂರದ ನೆಂಟ.

ಸ್ಟ್ರೆಸ್ ಪದವು ಮಧ್ಯಕಾಲದ ಇಂಗ್ಲಿಷಿನಲ್ಲಿ ಕಷ್ಟ, ಇಕ್ಕಟ್ಟು ಎಂಬರ್ಥದ 'ಡಿಸ್ಟ್ರೆಸ್' ಪದದ ಮೊಟಕು ರೂಪವಾಗಿ ಬೆಳೆಯಿತು. ಕನ್ನಡದ 'ಒತ್ತಡ'ದ ಮೂಲ 'ಒತ್ತು' ಎಂಬ ಧಾತು. ಒತ್ತಾಯ, ಒತ್ತುವರಿ, ಒತ್ತಕ್ಷರ ಇವೆಲ್ಲ ಅದೇ ಕುಟುಂಬದವು. ಮಾತಿನಲ್ಲಿ ಒಂದು ಪದವನ್ನು ಎತ್ತಿ ಹೇಳುವುದಕ್ಕೂ ಇಂಗ್ಲಿಷಿನಲ್ಲಿ ಸ್ಟ್ರೆಸ್ ಎನ್ನುತ್ತಾರೆ. ಕನ್ನಡದಲ್ಲಿಯೂ ಅದು 'ಒತ್ತು ಕೊಡುವುದು'. ಈ ಒಂದು ಅರ್ಥದಲ್ಲಿ ಎರಡು ಭಾಷೆಗಳೂ ಚೆನ್ನಾಗಿ ಹೊಂದಿಕೊಂಡಿವೆ.

ವಿಜ್ಞಾನದಲ್ಲಿ

ಭೌತವಿಜ್ಞಾನದಲ್ಲಿ ಟೆನ್ಶನ್ ಎಂದರೆ ಹಗ್ಗ, ತಂತಿ ಮೊದಲಾದವನ್ನು ಎರಡೂ ತುದಿಗಳಿಂದ ಎಳೆದಾಗ ಅವುಗಳ ಉದ್ದಕ್ಕೂ ಉಂಟಾಗುವ ಬಲ. ಇದಕ್ಕೆ ಎಳೆತ, ಕರ್ಷಣ, ತುಯ್ತ ಎಂಬ ಪದಗಳಿವೆ. ಒಂದು ಮೈಯ ಮೇಲೆ ಲಂಬವಾಗಿ ಒತ್ತುವ ಬಲವನ್ನು ಆ ಮೈಯ ವಿಸ್ತೀರ್ಣದಿಂದ ಭಾಗಿಸಿದರೆ ದೊರೆಯುವುದು ಪ್ರೆಶರ್, ಅಂದರೆ ಒತ್ತಡ. ಹೊರಬಲಕ್ಕೆ ಗುರಿಯಾದ ವಸ್ತುವಿನ ಒಳಗೆ ಏಕಮಾನ ವಿಸ್ತೀರ್ಣಕ್ಕೆ ಏಳುವ ಪ್ರತಿಬಲ ಸ್ಟ್ರೆಸ್. ಇದನ್ನು ಪೀಡನ ಎಂದು ಕರೆದಿದ್ದಾರೆ. ಎಳೆತದ ಮಾನ ನ್ಯೂಟನ್. ಉಳಿದೆರಡರ ಮಾನ ಪ್ಯಾಸ್ಕಲ್.

ಘಟಪ್ರಭಾ ನದಿಯ ದಂಡೆಯಲ್ಲಿಯೇ ಈ ವ್ಯತ್ಯಾಸಕ್ಕೆ ಉದಾಹರಣೆಗಳಿವೆ. ಸುಮಾರು ೫೨ ಮೀಟರ್ ಎತ್ತರದಿಂದ ನೀರು ಧುಮುಕುವ ಗೋಕಾಕ ಜಲಪಾತದ ಬಳಿಯ ತೂಗುಸೇತುವೆಯಲ್ಲಿ, ನಡೆಯುವವರ ಭಾರವನ್ನು ಹೊತ್ತ ಹಗ್ಗಗಳು ಎಳೆತದಲ್ಲಿರುತ್ತವೆ. ಅದೇ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಕಟ್ಟಿದ ಅಣೆಕಟ್ಟಿನ ಮೇಲಾದರೋ ನಿಂತ ನೀರಿನ ಒತ್ತಡವಿದೆ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ ಅಣೆಕಟ್ಟುಗಳನ್ನು ಬುಡದಲ್ಲಿ ಅಗಲವಾಗಿ ಕಟ್ಟುತ್ತಾರೆ. ಸೇತುವೆಯ ಹಗ್ಗಕ್ಕೆ 'ಒತ್ತಡ' ಎಂದು ಬರೆದ ವಿದ್ಯಾರ್ಥಿಯ ಉತ್ತರ ತಪ್ಪಾಗುತ್ತದೆ.

ವಿದ್ಯುತ್ತಿನ 'ಹೈ ಟೆನ್ಶನ್' ತಂತಿಯಲ್ಲಿ ಟೆನ್ಶನ್ ಎಂದರೆ ವೋಲ್ಟೇಜು, ತಂತಿಯ ಬಿಗಿತವಲ್ಲ.

ಮನಸ್ಸಿನ ಅರ್ಥದಲ್ಲಿ

ಸ್ಟ್ರೆಸ್ ಎಂಬ ಪದ ಶರೀರ ಮತ್ತು ಮನಸ್ಸಿನ ವಿಷಯದಲ್ಲಿ ನೆಲೆಗೊಂಡುದು ೨೦ನೆಯ ಶತಮಾನದಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹಂಗೇರಿ ಮೂಲದ ವಿಜ್ಞಾನಿ ಹಾನ್ಸ್ ಸೆಲ್ಯೆ ೧೯೩೬ರಲ್ಲಿ ಪ್ರಕಟಿಸಿದ ಕಿರುಲೇಖನದಲ್ಲಿ, ಬೇರೆ ಬೇರೆ ಬಗೆಯ ಹಾನಿಗಳಿಗೆ ದೇಹವು ಒಂದೇ ತೆರನಾಗಿ ಪ್ರತಿಕ್ರಿಯಿಸುವುದನ್ನು ವಿವರಿಸಿದರು. ಮುಂದೆ ಅದಕ್ಕೆ ಸ್ಟ್ರೆಸ್ ಎಂಬ ಹೆಸರನ್ನು ಬಳಸಿದರು. ಕನ್ನಡದ 'ಮಾನಸಿಕ ಒತ್ತಡ' ಇದರ ಅನುವಾದ.

ಸಮಾನಾರ್ಥಕ ಪದಗಳು

ಟೆನ್ಶನ್ನಿಗೆ ಬದಲಾಗಿ ಕನ್ನಡದಲ್ಲಿ ದೊರೆಯುವ ಪದಗಳು ಹಲವು. ಪ್ರತಿಯೊಂದಕ್ಕೂ ತನ್ನದೇ ಛಾಯೆ ಇದೆ. ಕೆಲಸ ಹೆಚ್ಚಾಗಿ ಮೇಲೆ ಬಿದ್ದಂತಾದರೆ ಒತ್ತಡ. ಮುಂದೇನಾಗುವುದೋ ಎಂಬ ಭಯ ಆತಂಕ. ಹಳೆಯ ಬಳಕೆಯಲ್ಲಿ ಇದಕ್ಕೆ ಅಡ್ಡಿ ಎಂಬ ಅರ್ಥವಿತ್ತು, 'ಅಡ್ಡಿ ಆತಂಕ' ಎಂಬ ಜೋಡುನುಡಿಯಲ್ಲಿ ಅದು ಇನ್ನೂ ಉಳಿದಿದೆ. ಒಂದೇ ವಿಷಯವನ್ನು ಮತ್ತೆ ಮತ್ತೆ ಯೋಚಿಸುವುದು ಚಿಂತೆ. ಮನಸ್ಸು ನಿಂತಲ್ಲಿ ನಿಲ್ಲದಿರುವುದು ಕಳವಳ, ತಳಮಳ. ಅದು ಕೈಕಾಲುಗಳಲ್ಲಿಯೂ ಕಾಣಿಸಿಕೊಂಡರೆ ಚಡಪಡಿಕೆ. ಉದ್ವೇಗದ ಮೂಲದಲ್ಲಿ ನಡುಗು ಎಂಬರ್ಥದ ಸಂಸ್ಕೃತ ಧಾತುವಿದೆ. ದುಗುಡದಲ್ಲಿ ದುಃಖದ ಭಾರವಿದೆ. ಊರಿನಲ್ಲಿ ಎರಡು ಗುಂಪುಗಳ ನಡುವೆ ಇರುವುದನ್ನು ಪತ್ರಿಕೆಗಳು 'ಬಿಗುವಿನ ವಾತಾವರಣ' ಎನ್ನುತ್ತವೆ. ಟೆನ್ಶನ್ನಿನ ಮೂಲಾರ್ಥಕ್ಕೆ ಎಲ್ಲಕ್ಕಿಂತ ಹತ್ತಿರವಾದುದು 'ಬಿಗಿ'ಯಿಂದ ಬಂದ ಈ ಬಿಗುವು. ಆದರೂ ಮನಸ್ಸಿಗೆ ಅದನ್ನು ಬಳಸುವವರು ಕಡಿಮೆ.

ಕರಾವಳಿಯಲ್ಲಿ ಇದೇ ಸ್ಥಿತಿಗೆ ಮಂಡೆಬಿಸಿ ಎನ್ನುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಮರಾಠಿ ಮತ್ತು ಉರ್ದುವಿನ ನೆರೆಯಿಂದಾಗಿ ತ್ರಾಸು, ಫಿಕೀರು, ಹೈರಾಣ ಎಂಬ ಪದಗಳು ಸೇರಿಕೊಂಡಿವೆ. ಕಾಳಜಿಯ ಕಥೆ ಸ್ವಾರಸ್ಯವಾದುದು: ಮರಾಠಿಯಲ್ಲಿ ಅದಕ್ಕೆ ಚಿಂತೆ ಎಂಬ ಅರ್ಥವೂ ಇದೆ, ಕನ್ನಡದಲ್ಲಿ ಮುಖ್ಯವಾಗಿ ಉಳಿದದ್ದು ಅಕ್ಕರೆಯಿಂದ ನೋಡಿಕೊಳ್ಳುವುದು ಎಂಬ ಅರ್ಥ. ಇಂದು ಕಬ್ಬಿನ ಬಿಲ್ಲಿಗೆ ಕಾದಿರುವ ರೈತನೂ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ ಹುಡುಗಿಯೂ 'ಭಾಳ ಟೆನ್ಶನ್ ಆಗೇತ್ರಿ' ಎಂದೇ ಹೇಳುತ್ತಾರೆ. ಮೊದಲನೆಯದು ಚಿಂತೆ, ಎರಡನೆಯದು ಆತಂಕ. ಟೆನ್ಶನ್ 'ಆಗುತ್ತದೆ', ಅದನ್ನು ಒಬ್ಬರು ಇನ್ನೊಬ್ಬರಿಗೆ 'ಕೊಡುತ್ತಾರೆ', 'ತಗೋಬ್ಯಾಡ' ಎಂದು ಹಿರಿಯರು ಹೇಳುತ್ತಾರೆ. ಇಂಗ್ಲಿಷಿನ ತವರಿನಲ್ಲಿ ಟೆನ್ಶನ್ನನ್ನು ಯಾರೂ 'ತೆಗೆದುಕೊಳ್ಳುವುದಿಲ್ಲ'. ಇದು ಭಾರತೀಯ ಭಾಷೆಗಳ ಜಾಯಮಾನ.

ವೈದ್ಯಕೀಯದಲ್ಲಿ ಗೊಂದಲ

'ಹೈಪರ್‌ಟೆನ್ಶನ್' ಎಂದರೆ ಅತಿಯಾದ ಚಿಂತೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಅದರರ್ಥ ಅಧಿಕ ರಕ್ತದೊತ್ತಡ. ಇಲ್ಲಿ ಟೆನ್ಶನ್ ಎಂಬುದು ರಕ್ತನಾಳಗಳೊಳಗಿನ ಒತ್ತಡಕ್ಕೆ ಸಂಬಂಧಿಸಿದ್ದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗ ಪಾದರಸದ ೧೪೦/೯೦ ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಾಗೆ ಗುರುತಿಸುತ್ತಾರೆ. ಇದಕ್ಕೆ ಅನೇಕ ವೇಳೆ ಯಾವ ಲಕ್ಷಣವೂ ಇರುವುದಿಲ್ಲ. ನೆಮ್ಮದಿಯಾಗಿರುವವರಿಗೂ ಬರಬಹುದು. 'ಮಕ್ಕಳ ಮದುವೆ ಆಯ್ತು, ಈಗ ನನಗ್ಯಾವ ಟೆನ್ಶನ್ನೂ ಇಲ್ಲ' ಎಂದು ಗುಳಿಗೆ ಬಿಟ್ಟುಬಿಡುವ ಹಿರಿಯರಿದ್ದಾರೆ. ಒಂದು ಪದವನ್ನು ತಪ್ಪಾಗಿ ತಿಳಿದುದರ ಫಲ ಪಾರ್ಶ್ವವಾಯುವಿನವರೆಗೆ ಹೋಗಬಹುದು. ವೈದ್ಯರನ್ನು ಕೇಳದೆ ಈ ಗುಳಿಗೆಗಳನ್ನು ನಿಲ್ಲಿಸಬಾರದು.

ಇದಕ್ಕೆ ವಿರುದ್ಧವಾದ ಗೊಂದಲವೂ ಉಂಟು. ವಾರಗಟ್ಟಲೆ ನಿದ್ರೆ, ಹಸಿವು, ಉತ್ಸಾಹ ಯಾವುದೂ ಇಲ್ಲದಿರುವುದು ಖಿನ್ನತೆ ಎಂಬ ಕಾಯಿಲೆಯಾಗಿರಬಹುದು. ಮನೆಯವರು ಅದನ್ನೂ 'ಸ್ವಲ್ಪ ಟೆನ್ಶನ್' ಎಂದು ತಳ್ಳಿಹಾಕುವುದುಂಟು. ಇಂಥವರಿಗಾಗಿ ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. ಇದರ ಸಂಖ್ಯೆ ೧೪೪೧೬, ಕನ್ನಡದಲ್ಲಿಯೂ ಮಾತನಾಡಬಹುದು.