ಹೈದರಿ ನಾಣ್ಯವೂ ಶ್ರೀರಂಗಪಟ್ಟಣದ ಪದಕವೂ

ದೇವನಹಳ್ಳಿಯ ಕೋಟೆಯನ್ನು ನೋಡಬಂದವರಿಗೆ, ಕೋಟೆಯ ಹೊರಗೆ ಕಲ್ಲುಕಂಬಗಳ ಸಣ್ಣದೊಂದು ಸ್ಮಾರಕವನ್ನು ತೋರಿಸಿ, ಟಿಪ್ಪು ಸುಲ್ತಾನನು 1750ರಲ್ಲಿ ಹುಟ್ಟಿದ ಸ್ಥಳವಿದೆಂದು ಊರಿನವರು ಹೇಳುವುದುಂಟು. ಆ ಕಲ್ಲು ನೆನಪಿಗೆ ತರುವುದು ಅವನ ಜನನವನ್ನು. ಅವನ ಏಳುಬೀಳುಗಳನ್ನು ಅರಿಯಲು ನಾವು ಬೆಳ್ಳಿಯ ಎರಡು ಬಿಲ್ಲೆಗಳನ್ನು ನೋಡಬೇಕು.

ನೆನಪನ್ನು ಬೆಳ್ಳಿಯಲ್ಲಿ ಅಚ್ಚೊತ್ತುವ ಪದ್ಧತಿ ಅನೇಕ ದೇಶಗಳಲ್ಲಿ ಇದ್ದಿತು. ಸ್ಪೇನಿನ ಅರಸರು ಅಮೆರಿಕದ ನಾಡುಗಳನ್ನು ಆಳುತ್ತಿದ್ದಾಗ, ಹೊಸ ಅರಸನ ಪಟ್ಟವನ್ನು ಸಾರುವ ದಿನ ಅವನ ಮುಖಮುದ್ರೆಯುಳ್ಳ ಬೆಳ್ಳಿಯ ಬಿಲ್ಲೆಗಳನ್ನು ಜನರ ಮೇಲೆ ಎರಚುತ್ತಿದ್ದರು. 1789ರಲ್ಲಿ ಮೆಕ್ಸಿಕೋ ನಗರದಲ್ಲಿ ನಾಲ್ಕನೆಯ ಕಾರ್ಲೋಸನ ಹೆಸರಿನ ಇಂಥ ಬಿಲ್ಲೆಗಳು ಹೊರಟವು. ಮೊಗಲರ ‘ನಿಸಾರ್’ ನಾಣ್ಯಗಳೂ ಇದೇ ಬಗೆಯವು. ಪೊಟೋಸಿ, ಮೆಕ್ಸಿಕೋಗಳ ಗಣಿಯ ಬೆಳ್ಳಿಯು ನಮ್ಮ ಅರಿವೆ, ಮೆಣಸುಗಳ ಬೆಲೆಯಾಗಿ ಹಡಗೇರಿ ಹಿಂದೂಸ್ಥಾನಕ್ಕೆ ಬಂದು, ಟಂಕಸಾಲೆಗಳಲ್ಲಿ ಕರಗಿ ರೂಪಾಯಿಯಾಗುತ್ತಿತ್ತು. ಸ್ವಂತ ಬೆಳ್ಳಿ ಅತಿ ವಿರಳವಾದ ನಮ್ಮ ದೇಶಕ್ಕೆ ಆ ಕಾಲದಲ್ಲಿ ಅದೇ ದೊಡ್ಡ ಆಧಾರ.

ಟಿಪ್ಪುವಿನ ಬೆಳ್ಳಿಯ ಜೋಡಿರೂಪಾಯಿಗೆ ‘ಹೈದರಿ’ಯೆಂದು ಹೆಸರು, ತೂಕ ಎರಡು ತೊಲಕ್ಕೆ ಕೊಂಚ ಕಡಿಮೆ. ರೂಪಾಯಿ ‘ಇಮಾಮಿ’, ಅರ್ಧ ರೂಪಾಯಿ ‘ಆಬಿದಿ’, ಪಾವಲಿ ‘ಬಾಕಿರಿ’. ದಿಲ್ಲಿಯ ಬಾದಶಹನ ಹೆಸರನ್ನು ಸುಲ್ತಾನನು ತನ್ನ ನಾಣ್ಯಗಳಿಂದ ಕೈಬಿಟ್ಟಿದ್ದನು. ‘ಹೈದರ್’ ಎಂದರೆ ಸಿಂಹ. ಅದು ಪ್ರವಾದಿಯವರ ಅಳಿಯಂದಿರಾದ ಅಲಿಯವರ ಬಿರುದು, ಸುಲ್ತಾನನ ತಂದೆಯ ಹೆಸರೂ ಅದೇ. ಹೈದರನ ವಿಜಯದಿಂದ ಅಹಮದರ ಧರ್ಮವು ಜಗತ್ತಿನಲ್ಲಿ ಬೆಳಗುತ್ತಿದೆಯೆಂದು ನಾಣ್ಯದ ಪಾರಸಿ ಬರಹ ಸಾರುತ್ತದೆ. ಯಾವ ಹೈದರನೆಂದು ಅದು ಬಿಡಿಸಿ ಹೇಳುವುದಿಲ್ಲ. ಮಗನಿಗೆ ಎರಡರ್ಥವೂ ಪ್ರಿಯವಾಗಿದ್ದಿರಬೇಕು.

1799ನೆಯ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಸುಲ್ತಾನನು ಕಾಳಗದಲ್ಲಿಯೇ ಮಡಿದನು. ಆ ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪೆನಿಯವರು ಇಂಗ್ಲೆಂಡಿನಲ್ಲಿ, ಬೋಲ್ಟನ್ನನ ಸೋಹೋ ಟಂಕಸಾಲೆಯಲ್ಲಿ ಪದಕಗಳನ್ನು ಹೊಡೆಸಿದರು. ಒಂದು ಮುಖದಲ್ಲಿ ಕೋಟೆಗೆ ಲಗ್ಗೆ. ಇನ್ನೊಂದರಲ್ಲಿ ಹುಲಿಯನ್ನು ಕೆಡವಿದ ಸಿಂಹ. ಮೇಲಿನ ಪತಾಕೆಯಲ್ಲಿ, ದೇವರ ಸಿಂಹವೇ ವಿಜಯಿಯೆಂಬರ್ಥದ ಅರಬ್ಬೀ ಮಾತು. ಆಶ್ಚರ್ಯವೆಂದರೆ, ಈ ಮಾತೂ ಅಲಿಯವರ ಬಿರುದೇ. ಟಿಪ್ಪು ಅದನ್ನು ಹುಲಿಯ ಮುಖದ ಆಕಾರದಲ್ಲಿ ಬರೆಯಿಸಿ ತನ್ನ ಲಾಂಛನವಾಗಿ ಮಾಡಿಕೊಂಡಿದ್ದನು. ಗೆದ್ದವರು ಸೋತವನ ನಾಡನ್ನಲ್ಲದೆ ಅವನ ಮಾತನ್ನೂ ತೆಗೆದುಕೊಂಡರು.

1808ರಲ್ಲಿ ಈ ಪದಕಗಳ ಹಂಚಿಕೆಯಾಯಿತು. ಅತ್ಯುನ್ನತರಿಗೆ ಚಿನ್ನ, ಅಧಿಕಾರಿಗಳಿಗೆ ಬೆಳ್ಳಿ, ಅವರಿಗಿಂತ ಕೆಳಗಿನವರಿಗೆ ಕಂಚು. ಏಣಿಯೇರಿ ಗುಂಡಿಗೆ ಎದೆಯೊಡ್ಡಿದ ಸಾಮಾನ್ಯ ಸಿಪಾಯಿಗೆ ದೊರೆತುದು ತವರದ ಬಿಲ್ಲೆ. ಲೋಹ ಬೇರೆಯಾದರೂ ಅಚ್ಚು ಒಂದೇ. ಆ ಅಚ್ಚಿನಲ್ಲಿ ಅವನ ಹೆಸರಿಗೆ ಎಡೆಯಿಲ್ಲ. ಆ ಯುಗದ ಬೆಳ್ಳಿಗಾಗಿ ಪೊಟೋಸಿಯ ಬೆಟ್ಟದಲ್ಲಿ ಬಿಟ್ಟಿ ದುಡಿದವರ ಹೆಸರೂ ಯಾವ ನಾಣ್ಯದ ಮೇಲೂ ಇಲ್ಲ.

ಬೆಳ್ಳಿಯು ತನ್ನನ್ನು ಅಚ್ಚೊತ್ತಿಸಿದವರ ಮಾತನ್ನೇ ಆಡುತ್ತದೆ. ಆದುದರಿಂದ ದೇವನಹಳ್ಳಿಯಲ್ಲಿ ಹುಟ್ಟಿದ ಈ ಅರಸನನ್ನು ಹೊಗಳುವ ಮುನ್ನ, ತೆಗಳುವ ಮುನ್ನ, ನಾವು ಹೈದರಿಯನ್ನೂ ಪದಕವನ್ನೂ ಪಕ್ಕಪಕ್ಕದಲ್ಲಿಟ್ಟು ಓದೋಣ. ತವರದ ಆ ಬಿಲ್ಲೆಯನ್ನೂ ಅವುಗಳ ಜೊತೆಗಿಡೋಣ.